ಸೇಫ್ ಅಂದರೆ ಯಾರಿಂದ ಸೇಫ್?

ನಾಲ್ಕನೇ ಸೆಮ್‌ನ ಓಎಸ್ ಲ್ಯಾಬ್ ಮಿನಿ ಪ್ರಾಜೆಕ್ಟ್ ಡೆಮೊ ದಿನ ನಾನು ಒಂದು ತಪ್ಪು ಮಾಡಿದೆ. ಕೋಡ್‌ನಲ್ಲಿ ಮಾಡಿದ ತಪ್ಪು ಇನ್ನೊಂದು, ಅದನ್ನೂ ಹೇಳ್ತೀನಿ. ಮೊದಲು ಹೇಳಬೇಕಾಗಿರೋದು ಬಾಯಿಂದ ಮಾಡಿದ್ದು. ನಮ್ಮ ಪ್ರೋಗ್ರಾಂ ಸರ್ ಎದುರಿಗೇ ಕ್ರ್ಯಾಶ್ ಆದಾಗ, ತಪ್ಪು ನನ್ನ ರೂಂಮೇಟ್‌ದು ಅಂತ ನಾನು ಇಂಗ್ಲಿಷ್‌ನಲ್ಲಿ ಪಟಪಟ ಅಂತ ಹೇಳಿಬಿಟ್ಟೆ. ಅವನು ಸುಮ್ಮನೆ ನಿಂತಿದ್ದ. ಆ ತಪ್ಪು ನನ್ನದು ಅಂತ ಗೊತ್ತಾಗಿದ್ದು ಅವತ್ತು ರಾತ್ರಿ, ಅದೂ ಅವನೇ ತೋರಿಸಿಕೊಟ್ಟಾಗ.

ಇದನ್ನ ಕನ್ನಡ ಸಂಘದ ಪತ್ರಿಕೆಗೆ ಯಾಕೆ ಬರೀತಿದೀನಿ ಅಂದರೆ, ಈ ವಿಷಯ ನನಗೆ ತಲೆಗೆ ಹೋಗಿದ್ದೇ ಕನ್ನಡದಲ್ಲಿ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೇಲಿ ಕನ್ನಡ ಮಾತಾಡ್ತೀವಿ, ಆದರೆ ಇಷ್ಟುದ್ದ ಕನ್ನಡ ಬರೀತಿರೋದು ಹತ್ತನೇ ಕ್ಲಾಸ್ ಪರೀಕ್ಷೆ ಆದಮೇಲೆ ಇದೇ ಮೊದಲು. ತಪ್ಪಿದ್ದರೆ ಸಂಪಾದಕರು ತಿದ್ದಿರ್ತಾರೆ ಅಂತ ನಂಬಿದೀನಿ.

ಪ್ರಾಜೆಕ್ಟ್ ಏನು ಅಂದರೆ, ಲಿನಕ್ಸ್ ಕರ್ನೆಲ್ ಒಳಗೆ ಕೂರುವ ಒಂದು ಅಲಾರಾಂ ಮಾಡ್ಯೂಲ್. ಪ್ರೊಕ್ ಫೋಲ್ಡರ್‌ನಲ್ಲಿ ನಮ್ಮದೊಂದು ಫೈಲ್ ಇರುತ್ತೆ. ಅದಕ್ಕೆ ಬರೆದರೆ ಅಲಾರಾಂ ಹುಟ್ಟುತ್ತೆ, ಅದನ್ನ ಓದಿದರೆ ಇರುವ ಅಲಾರಾಂಗಳ ಪಟ್ಟಿ ಸಿಗುತ್ತೆ. ಪ್ರತಿ ಸೆಕೆಂಡಿಗೆ ಒಂದು ಸಲ ಕರ್ನೆಲ್ ಒಳಗೆ ನಮ್ಮ ಫಂಕ್ಷನ್ ಎದ್ದು, ಪಟ್ಟಿಯನ್ನ ಮೊದಲಿಂದ ಕೊನೆವರೆಗೆ ನಡೆದು, ಟೈಂ ಆಗಿರೋದನ್ನ ಬಾರಿಸಿ ತೆಗೆದುಹಾಕುತ್ತೆ. ಇದರ ಜೊತೆ 'ಬ್ಯಾಕಪ್' ಅಂತ ಒಂದು ಫೀಚರ್ ಇತ್ತು. ಒಂದು ಅಲಾರಾಂಗೆ ಇನ್ನೊಂದನ್ನ ಜೋಡಿ ಮಾಡಬಹುದು. ಮೊದಲನೇದು ಸರಿಯಾಗಿ ಬಾರಿಸಿದರೆ ಬ್ಯಾಕಪ್ ಬೇಕಾಗಿಲ್ಲ, ಅದೂ ಜೊತೆಗೇ ರದ್ದು.

ಕೆಲಸ ಹಂಚಿಕೊಂಡಿದ್ವಿ. ಪಟ್ಟಿ ನಡೆಯುವ ಲೂಪ್ ನಂದು. ಅಲಾರಾಂ ಹುಟ್ಟಿಸೋದು, ಬ್ಯಾಕಪ್ ಸಮೇತ ರದ್ದು ಮಾಡೋದು ರೂಂಮೇಟ್‌ದು. ಅವನು ಗದಗ ಜಿಲ್ಲೆಯವನು, ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಕೋಡ್ ನನಗಿಂತ ಚೆನ್ನಾಗಿ ಬರೀತಾನೆ. ಆದರೆ ವೈವಾದಲ್ಲಿ ಇಂಗ್ಲಿಷ್‌ನಲ್ಲಿ ಕೇಳಿದ ತಕ್ಷಣ ಅವನಿಗೆ ಉತ್ತರ ಜೋಡಿಸಿಕೊಳ್ಳೋಕೆ ಎರಡು ನಿಮಿಷ ಬೇಕು. ಆ ಎರಡು ನಿಮಿಷ ಯಾರೂ ಕೊಡಲ್ಲ.

ಪಟ್ಟಿ ಅಂದರೆ ಏನು

ಲಿಂಕ್ಡ್ ಲಿಸ್ಟ್ ಎಲ್ಲರಿಗೂ ಗೊತ್ತು, ಮೂರನೇ ಸೆಮ್‌ನಲ್ಲಿ ಬರೆದಿರ್ತೀರ. ಪ್ರತಿ ಡಬ್ಬಿಯಲ್ಲೂ ಮುಂದಿನ ಡಬ್ಬಿಯ ವಿಳಾಸ ಇರುತ್ತೆ. ಲ್ಯಾಬ್ ಪ್ರೋಗ್ರಾಂನಲ್ಲಿ ನಡೆಯೋನೂ ನಾವೇ, ಅಳಿಸೋನೂ ನಾವೇ, ಒಂದಾದ ಮೇಲೆ ಒಂದು. ಕರ್ನೆಲ್‌ನಲ್ಲಿ ಹಾಗಿಲ್ಲ. ಅಲ್ಲಿ ಪಟ್ಟಿಯಲ್ಲಿ ಇರೋದು ಪ್ರೊಸೆಸ್‌ಗಳು, ತೆರೆದ ಫೈಲ್‌ಗಳು, ಪ್ಲಗ್ ಮಾಡಿದ ಡಿವೈಸ್‌ಗಳು. ನೀವು ಪಟ್ಟಿಯ ಮಧ್ಯದಲ್ಲಿ ನಿಂತಿರುವಾಗ ಯಾರೋ ಪೆನ್‌ಡ್ರೈವ್ ಕಿತ್ತುಕೊಂಡು ಹೋಗ್ತಾರೆ. ಒಂದು ಪ್ರೊಸೆಸ್ ಸತ್ತುಹೋಗುತ್ತೆ. ನೀವು ನಿಂತಿರುವ ಡಬ್ಬಿಯೇ ಮಾಯ.

ಕ್ಲಾಸ್‌ನಲ್ಲಿ ಈ ತಲೆನೋವು ನಮಗೆ ಕಾಣಿಸಿರಲಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಯ್ತು. ನಾವು ಓದಿದ್ದು ಎಂಐಟಿಯವರು ಪಾಠಕ್ಕೆ ಅಂತಲೇ ಬರೆದ ಎಕ್ಸ್‌ವಿ6. ಅದರಲ್ಲಿ ಪ್ರೊಸೆಸ್‌ಗಳಿಗೆ 64 ಜಾಗದ ಒಂದು ಅರೇ. ಪ್ರೊಸೆಸ್ ಸತ್ತರೂ ಆ ಜಾಗ ಎಲ್ಲಿಗೂ ಹೋಗಲ್ಲ, 'ಖಾಲಿ' ಅಂತ ಗುರುತು ಮಾತ್ರ ಬೀಳುತ್ತೆ. ಹಾಗಾಗಿ ಸೊನ್ನೆಯಿಂದ 63ರವರೆಗೆ ನಡೆಯೋಕೆ ಯಾವ ಹೆದರಿಕೆಯೂ ಇಲ್ಲ, ಒಳಗೆ ಏನಿದೆ ಅಂತ ನೋಡೋಕೆ ಮಾತ್ರ ಲಾಕ್ ಬೇಕು. ಆದರೆ 65ನೇ ಪ್ರೊಸೆಸ್‌ಗೆ ಜಾಗ ಇಲ್ಲ. ನಿಜವಾದ ಲಿನಕ್ಸ್‌ಗೆ ಈ ಬೆಲೆ ಕಟ್ಟೋಕೆ ಆಗಲ್ಲ.

ನಾನು ಲೂಪ್ ಬರೆಯುವಾಗ ಇಷ್ಟು ಮಾತ್ರ ಗೊತ್ತಿತ್ತು: ನಡೆಯುವಾಗ ಅಳಿಸಬೇಕಾದರೆ ಮಾಮೂಲಿ ಲೂಪ್ ಬಳಸಬಾರದು. ಕರ್ನೆಲ್‌ನ ಲಿಸ್ಟ್ ಹೆಡರ್ ಫೈಲ್‌ನಲ್ಲಿ ಅದಕ್ಕೆ ಅಂತಲೇ ಒಂದು ಮ್ಯಾಕ್ರೊ ಇದೆ, 'ಲಿಸ್ಟ್ ಫಾರ್ ಈಚ್ ಎಂಟ್ರಿ ಸೇಫ್'. ಹೆಸರಲ್ಲೇ ಸೇಫ್. ಎಂಟ್ರಿ ತೆಗೆದರೂ ಸೇಫ್ ಅಂತ ಮೇಲೆ ಕಾಮೆಂಟ್ ಬೇರೆ. ಹಾಕಿದೆ, ಹತ್ತು ಅಲಾರಾಂ ಇಟ್ಟು ಟೆಸ್ಟ್ ಮಾಡಿದೆ, ಎಲ್ಲ ಸರಿಯಾಗಿ ಬಾರಿಸಿದವು. ಅವನು ಬ್ಯಾಕಪ್ ಇಟ್ಟು ಟೆಸ್ಟ್ ಮಾಡಿದ, ಅದೂ ಸರಿಯಾಗಿತ್ತು.

ಡೆಮೊ

ಡೆಮೊ ಹಿಂದಿನ ರಾತ್ರಿ ನಾನು ಒಂದೇ ಒಂದು ಸಾಲು ಬದಲಾಯಿಸಿದೆ. ಅಲ್ಲಿವರೆಗೆ ಹೊಸ ಅಲಾರಾಂ ಪಟ್ಟಿಯ ತಲೆಗೆ ಸೇರ್ತಿತ್ತು. ಹಾಗಾಗಿ ಫೈಲ್ ಓದಿದರೆ ಹೊಸದು ಮೇಲೆ, ಹಳೇದು ಕೆಳಗೆ ಬರ್ತಿತ್ತು. ನೋಡೋಕೆ ಚೆನ್ನಾಗಿಲ್ಲ ಅನ್ನಿಸಿ ಬಾಲಕ್ಕೆ ಸೇರುವ ಹಾಗೆ ಮಾಡಿದೆ. ಅವನು ಮಲಗಿದ್ದ. ಇಷ್ಟಕ್ಕೆಲ್ಲ ಯಾಕೆ ಎಬ್ಬಿಸೋದು ಅಂತ ಹೇಳಲಿಲ್ಲ.

ಬೆಳಗ್ಗೆ ಸರ್ ಬಂದರು. ಅವನು ಹತ್ತು ಸೆಕೆಂಡಿನ ಒಂದು ಅಲಾರಾಂ ಇಟ್ಟ, ಅದಕ್ಕೆ ಹದಿನೈದು ಸೆಕೆಂಡಿನ ಬ್ಯಾಕಪ್ ಇಟ್ಟ. ಹತ್ತು ಎಣಿಸಿದ್ವಿ. ಅಲಾರಾಂ ಬಾರಿಸಿದ ಮೆಸೇಜ್ ಬಂತು, ಅದರ ಹಿಂದೆಯೇ ಸ್ಕ್ರೀನ್ ತುಂಬ ರಿಜಿಸ್ಟರ್‌ಗಳ ಪಟ್ಟಿ. ಕರ್ನೆಲ್ ಊಪ್ಸ್. ಫಾಲ್ಟ್ ಆದ ವಿಳಾಸ ಡಿ, ಇ, ಎ, ಡಿ ಅಂತ ಶುರುವಾಗಿ, ಸಾಲಾಗಿ ಸೊನ್ನೆಗಳು, ಕೊನೆಗೆ 100.

ಏನಾಯ್ತು ಅಂತ ಸರ್ ಕೇಳಿದರು. ಊಪ್ಸ್‌ನಲ್ಲಿ ನನ್ನ ಫಂಕ್ಷನ್ ಹೆಸರೇ ಇತ್ತು. ನನಗೆ ಗಾಬರಿ ಆಯ್ತು, ಬಾಯಿ ಮುಂದೆ ಹೋಯ್ತು. "ಲೂಪ್ ನಂದು ಸರ್, ಆದರೆ ನಾನು ಸೇಫ್ ವರ್ಶನ್ ಹಾಕಿದೀನಿ. ರದ್ದು ಮಾಡುವ ಫಂಕ್ಷನ್ ಒಂದರ ಬದಲು ಎರಡು ಅಳಿಸ್ತಿದೆ, ಆ ಭಾಗ ಇವನದು" ಅಂತ ಚೆನ್ನಾಗಿರುವ ಇಂಗ್ಲಿಷ್‌ನಲ್ಲಿ ಹೇಳಿದೆ. ಸರ್ ನನ್ನ ಕೋಡ್ ನೋಡಿದರು, ಸೇಫ್ ಅಂತ ಇತ್ತು. ಅವನ ಕಡೆ ತಿರುಗಿ ಯಾಕೆ ಎರಡು ಅಳಿಸಿದೆ ಅಂತ ಕೇಳಿದರು. ಅವನು "ಸರ್, ದಟ್ ಈಸ್... ಬ್ಯಾಕಪ್ ಆಲ್ಸೋ..." ಅಂತ ಶುರು ಮಾಡಿದ. ಅಷ್ಟರಲ್ಲಿ ಮುಂದಿನ ಟೀಂ ಬಾಗಿಲ ಹತ್ತಿರ ನಿಂತಿತ್ತು. ಸರ್ ಏನೋ ಬರೆದುಕೊಂಡರು.

ಎರಡು ಅಳಿಸಬೇಕು ಅನ್ನೋದು ನಾವಿಬ್ಬರೂ ಕೂತು ಮಾಡಿದ ಡಿಸೈನ್. ಅದು ನನಗೆ ಆಗಲೂ ಗೊತ್ತಿತ್ತು.

ಲಗ್ನಪತ್ರಿಕೆ

ಅವತ್ತು ಅವನು ಮೆಸ್‌ಗೆ ನನ್ನ ಜೊತೆ ಬರಲಿಲ್ಲ. ರಾತ್ರಿ ಹತ್ತೂವರೆಗೆ ರೂಂಗೆ ಬಂದು, ಒಂದು ರಫ್ ಶೀಟ್ ತೆಗೆದು, ನನ್ನ ಮುಂದೆ ಹಾಕಿ ಕೂತ. ಬೈತಾನೆ ಅಂದುಕೊಂಡಿದ್ದೆ. ಬೈಲಿಲ್ಲ.

"ಲೇ, ನೀ ಯಾವತ್ತಾದ್ರೂ ಲಗ್ನಪತ್ರಿಕೆ ಹಂಚಾಕ ಹೋಗಿಯೇನು?" ಅಂದ.

ಇಲ್ಲ ಅಂದೆ. ನಮ್ಮ ಮನೇಲಿ ಈಗ ವಾಟ್ಸಾಪ್‌ನಲ್ಲಿ ಕಳಿಸಿಬಿಡ್ತಾರೆ.

"ನಮ್ಮ ಅಕ್ಕನ ಲಗ್ನಕ್ಕ ನಾನು, ನಮ್ಮ ಕಾಕಾ ಹೋಗಿದ್ವಿ. ಎಲ್ಲಾರ ಮನಿ ಎಲ್ಲೈತಿ ಅಂತ ನಮಗ ಗೊತ್ತಿರಲಿಲ್ಲ. ಒಂದು ಮನಿಗೆ ಹೋಗೂದು, ಪತ್ರಿಕೆ ಕೊಡೂದು, ಮುಂದಿನವರ ಮನಿ ಎಲ್ಲೈತ್ರಿ ಅಂತ ಕೇಳೂದು. ಅವರು ಹೇಳಿದಲ್ಲಿ ಹೋಗೂದು. ಇದು ನಿನ್ನ ಲಿಸ್ಟ್."

ಶೀಟ್ ಮೇಲೆ ಮನೆಗಳನ್ನ ಬರೆದು ಬಾಣ ಹಾಕಿದ.

"ಈಗ ನಾವು ಹೋದ ಮನಿ, ನಾವು ಹೋದ ಕೂಡಲೇ ಖಾಲಿ ಆಗ್ತೈತಿ ಅಂತ ತಿಳ್ಕೋ. ಅಲಾರಾಂ ಬಾರಿಸ್ತು, ಅಳಿಸಿದ್ವಿ. ಆಮೇಲೆ ಮುಂದಿನ ಮನಿ ಎಲ್ಲಿ ಅಂತ ಯಾರನ್ನ ಕೇಳ್ತಿ? ಮಾಮೂಲಿ ಲೂಪ್ ಇಲ್ಲೇ ಸಾಯ್ತೈತಿ. ನಿನ್ನ ಸೇಫ್ ಏನ್ ಮಾಡ್ತೈತಿ ಅಂದ್ರ, ಮನಿ ಒಳಗ ಕಾಲಿಡೂಕಿಂತ ಮೊದ್ಲು ಮುಂದಿನ ಮನಿ ವಿಳಾಸ ಕೇಳಿ ಚೀಟ್ಯಾಗ ಬರ್ಕೋತೈತಿ. ಅಷ್ಟ. ಮತ್ತೇನೂ ಮಾಡೂದಿಲ್ಲ."

ನಾನು ಮ್ಯಾಕ್ರೊ ತೆಗೆದು ನೋಡಿದೆ. ಹೌದು, ಅಷ್ಟೇ. 'ಸೇಫ್' ಅನ್ನೋ ದೊಡ್ಡ ಹೆಸರಿನ ಹಿಂದೆ ಇರೋದು ಒಂದು ಎಕ್ಸ್‌ಟ್ರಾ ಪಾಯಿಂಟರ್ ಮಾತ್ರ. ಲಾಕ್ ಇಲ್ಲ, ಲೆಕ್ಕ ಇಲ್ಲ, ಚೆಕ್ ಇಲ್ಲ.

"ಈಗ ಹೇಳು. ನೀ ಚೀಟ್ಯಾಗ ಮುಂದಿನ ಮನಿ ಬರ್ಕೊಂಡು ಒಳಗ ಹೋದಿ. ನಾ ಒಳಗಿಂದ ಫೋನ್ ಮಾಡಿ ಆ ಮುಂದಿನ ಮನಿಯವರನ್ನೂ ಖಾಲಿ ಮಾಡಿಸಿದೆ. ಯಾಕಂದ್ರ ಅವರು ಬ್ಯಾಕಪ್. ನಿನ್ನ ಚೀಟಿಗೆ ಅದು ಹೆಂಗ ಗೊತ್ತಾಗ್ಬೇಕು?"

ಗೊತ್ತಾಗಲ್ಲ. ಚೀಟಿ ಹಿಡಿದುಕೊಂಡು ಖಾಲಿ ಮನೆಗೆ ಹೋಗ್ತೀನಿ. ಅಲ್ಲಿ ಬಾಗಿಲ ಮೇಲೆ ಡಿ, ಇ, ಎ, ಡಿ ಅಂತ ಬರೆದಿರುತ್ತೆ. ಇದು ತಮಾಷೆಗೆ ಹೇಳಿದ್ದಲ್ಲ. ಪಟ್ಟಿಯಿಂದ ಒಂದು ಎಂಟ್ರಿ ತೆಗೆದಾಗ ಕರ್ನೆಲ್ ಅದರ ಮುಂದಿನ ಮತ್ತು ಹಿಂದಿನ ವಿಳಾಸಗಳ ಜಾಗದಲ್ಲಿ ಬೇಕಂತಲೇ ಕೆಟ್ಟ ವಿಳಾಸ ಬರೆದಿಡುತ್ತೆ. ಇದಕ್ಕೆ ಪಾಯ್ಸನ್ ಅಂತಾರೆ. 64 ಬಿಟ್ ಇಂಟೆಲ್ ಮಾದರಿ ಮಷೀನ್‌ನಲ್ಲಿ ಅವು ಡೆಡ್ ಅಂತಲೇ ಶುರುವಾಗಿ, ಮುಂದಿನದಕ್ಕೆ 100, ಹಿಂದಿನದಕ್ಕೆ 122 ಅಂತ ಕೊನೆಯಾಗ್ತವೆ. ದಾರಿ ತಪ್ಪಿ ಬಂದವನು ಗೊತ್ತಿಲ್ಲದೆ ಮುಂದೆ ಹೋಗಿ ಇನ್ನೇನನ್ನೋ ಹಾಳು ಮಾಡೋದಕ್ಕಿಂತ ಅಲ್ಲೇ ಬಿದ್ದು ಸಿಕ್ಕಿಬೀಳಲಿ ಅಂತ. ನಮ್ಮ ಊಪ್ಸ್‌ನ ಕೊನೆಯಲ್ಲಿ 100 ಇತ್ತಲ್ಲ, ಅದರ ಅರ್ಥ 'ಅಳಿಸಿಹೋದ ಎಂಟ್ರಿಯಿಂದ ಮುಂದಕ್ಕೆ ಹೋಗೋಕೆ ನೋಡಿದೆ' ಅಂತ. ಉತ್ತರ ಸ್ಕ್ರೀನ್ ಮೇಲೇ ಇತ್ತು.

"ಆದ್ರ ಹೋದ ವಾರ ನಾ ಟೆಸ್ಟ್ ಮಾಡಿದಾಗ ಯಾಕ ಬೀಳಲಿಲ್ಲ? ಅದೇ ತಿಳೀವಲ್ದು" ಅಂದ.

ಆಗ ನಾನು ರಾತ್ರಿ ಬದಲಾಯಿಸಿದ ಸಾಲಿನ ವಿಷಯ ಹೇಳಬೇಕಾಯ್ತು. ಹೊಸದು ತಲೆಗೆ ಸೇರುವಾಗ, ಆಮೇಲೆ ಹುಟ್ಟುವ ಬ್ಯಾಕಪ್ ಯಾವಾಗಲೂ ತನ್ನ ಅಲಾರಾಂಗಿಂತ ಮುಂಚೆ ಬರ್ತಿತ್ತು. ಲೂಪ್ ಅಲಾರಾಂ ಹತ್ತಿರ ಬರುವ ಹೊತ್ತಿಗೆ ಬ್ಯಾಕಪ್ ದಾಟಿ ಆಗಿರ್ತಿತ್ತು. ದಾಟಿದ ಮನೆ ಖಾಲಿಯಾದರೆ ಚೀಟಿಗೆ ಏನೂ ಆಗಲ್ಲ. ನಾನು ಬಾಲಕ್ಕೆ ಸೇರಿಸಿದ್ದರಿಂದ ಬ್ಯಾಕಪ್ ಮುಂದಕ್ಕೆ ಬಂತು. ಡೆಮೊದಲ್ಲಿ ಇದ್ದಿದ್ದು ಒಂದೇ ಜೋಡಿ, ಹಾಗಾಗಿ ಸರಿಯಾಗಿ ಅಲಾರಾಂನ ಪಕ್ಕಕ್ಕೇ ಬಂತು. ಕೋಡ್ ಮೊದಲಿಂದಲೂ ತಪ್ಪೇ ಇತ್ತು. ಪಟ್ಟಿಯ ಕ್ರಮ ನಮ್ಮನ್ನ ಅದೃಷ್ಟಕ್ಕೆ ಕಾಪಾಡ್ತಿತ್ತು ಅಷ್ಟೇ.

ಅವನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಹೇಳಬೇಕಿತ್ತಲೇ" ಅಂದ. ಸಾಲು ಬದಲಾಯಿಸಿದ್ದಕ್ಕೋ, ಸರ್ ಮುಂದೆ ಹೇಳಿದ್ದಕ್ಕೋ, ನಾನು ಕೇಳಲಿಲ್ಲ.

ಇದರಲ್ಲಿ ಒಂದು ವಿಚಿತ್ರ ಇದೆ, ಗಮನಿಸಿ. ಈಗಿನ ಎಂಟ್ರಿ ಹಾಗೇ ಇದ್ದು ಮುಂದಿನದು ಮಾತ್ರ ಅಳಿಸಿಹೋದರೆ ಮಾಮೂಲಿ ಲೂಪ್‌ಗೆ ಏನೂ ಆಗಲ್ಲ. ಅದು ಕೊನೆಗೆ ತಾನೇ ಕೇಳಿಕೊಂಡು ಸರಿಯಾದ ವಿಳಾಸಕ್ಕೆ ಹೋಗುತ್ತೆ. ಬೀಳೋದು ಸೇಫ್ ಲೂಪೇ, ಯಾಕಂದರೆ ಅದರ ಕೈಯಲ್ಲಿ ಹಳೇ ಚೀಟಿ ಇದೆ. ಅಂದರೆ ಸೇಫ್ ಅನ್ನೋದು ಒಂದು ಮಟ್ಟ ಅಲ್ಲ. ಒಂದು ನಿರ್ದಿಷ್ಟ ಅಪಾಯದಿಂದ ಮಾತ್ರ ಸೇಫ್: ಲೂಪ್ ಒಳಗಿನ ಕೋಡ್, ಈಗ ನಿಂತಿರುವ ಎಂಟ್ರಿಯನ್ನ ತೆಗೆದರೆ. ಬೇರೆ ಯಾರೇ, ಬೇರೆ ಯಾವುದನ್ನೇ ತೆಗೆದರೂ ಅದಕ್ಕೆ ಸಂಬಂಧ ಇಲ್ಲ.

ಸರಿಪಡಿಸಿದ್ದು

ಮಧ್ಯರಾತ್ರಿವರೆಗೆ ಕೂತು ಸರಿಮಾಡಿದ್ವಿ. ನನ್ನ ಮೊದಲ ಐಡಿಯಾ, ಒಂದು ಅಳಿಸಿದ ತಕ್ಷಣ ಮತ್ತೆ ಮೊದಲಿಂದ ನಡೆಯೋದು. ಸರಿಯಾಗಿ ಕೆಲಸ ಮಾಡುತ್ತೆ, ಆದರೆ ಸಾವಿರ ಅಲಾರಾಂ ಇದ್ದು ನೂರು ಒಟ್ಟಿಗೇ ಬಾರಿಸಿದರೆ ನೂರು ಸಲ ಮೊದಲಿಂದ. ಅವನ ಐಡಿಯಾ ಚೆನ್ನಾಗಿತ್ತು, ಎರಡು ಹಂತ. ಮೊದಲನೇ ಹಂತದಲ್ಲಿ ಏನನ್ನೂ ನಾಶ ಮಾಡೋದಿಲ್ಲ, ಟೈಂ ಆಗಿರೋದನ್ನ ಎತ್ತಿ ಬೇರೆ ಒಂದು ಪಟ್ಟಿಗೆ ಹಾಕೋದು ಮಾತ್ರ. ಇಲ್ಲಿ ಈಗಿನ ಎಂಟ್ರಿ ಮಾತ್ರ ಜಾಗ ಬಿಡುತ್ತೆ, ಹಾಗಾಗಿ ಸೇಫ್ ಲೂಪ್ ನಿಜಕ್ಕೂ ಸೇಫ್. ಎರಡನೇ ಹಂತದಲ್ಲಿ ಆ ಬೇರೆ ಪಟ್ಟಿ ಖಾಲಿಯಾಗುವವರೆಗೆ ಪ್ರತಿ ಸಲ ತಲೆಯಲ್ಲಿರೋದನ್ನ ತೆಗೆದು ರದ್ದು ಮಾಡೋದು. ಚೀಟಿಯೇ ಇಲ್ಲ. ರದ್ದು ಮಾಡುವಾಗ ಬ್ಯಾಕಪ್ ಯಾವ ಪಟ್ಟಿಯಲ್ಲಿದ್ದರೂ ಅಲ್ಲಿಂದ ಹೋಗುತ್ತೆ. ಮುಂದಿನ ಸಲ ತಲೆಯಲ್ಲಿ ಏನಿದೆ ಅಂತ ಹೊಸದಾಗಿ ನೋಡ್ತೀವಿ.

ಆಮೇಲೆ ಕರ್ನೆಲ್ ಕೋಡ್ ನೋಡುವಾಗ ಖುಷಿ ಆಯ್ತು. ಐನೋಡ್‌ಗಳನ್ನ ಹೊರಹಾಕುವ ಕಡೆ ಇದೇ ಮಾಡಿದ್ದಾರೆ. ಹೋಗಬೇಕಾದ ಐನೋಡ್‌ಗಳಿಗೆ ಗುರುತು ಹಾಕಿ ಒಂದು ಡಿಸ್ಪೋಸ್ ಪಟ್ಟಿಗೆ ಸೇರಿಸಿ, ಆಮೇಲೆ ಅದರ ತಲೆಯಿಂದ ಒಂದೊಂದೇ ತೆಗೆದು ಮುಗಿಸ್ತಾರೆ. ಗದಗಿನ ಹುಡುಗ ರಫ್ ಶೀಟ್ ಮೇಲೆ ಬರೆದಿದ್ದೂ ಅದೇ.

ಎರಡನೇ ವೈವಾ

ಬೆಳಗ್ಗೆ ನಾನು ಒಬ್ಬನೇ ಸರ್ ಕ್ಯಾಬಿನ್‌ಗೆ ಹೋದೆ. ಅವನಿಗೆ ಹೇಳಿದ್ದರೆ ಬೇಡ ಅಂತಿದ್ದ. "ಸರ್, ನಿನ್ನೆ ನಾನು ಹೇಳಿದ್ದು ತಪ್ಪು. ಅವನ ಫಂಕ್ಷನ್ ಸರಿ ಇತ್ತು. ಲೂಪ್ ನಂದು, ಹಿಂದಿನ ರಾತ್ರಿ ಕ್ರಮ ಬದಲಾಯಿಸಿದ್ದೂ ನಾನೇ" ಅಂದೆ. ಹೇಳುವಾಗ ಕನ್ನಡವೇ ಬಂತು, ಯಾಕೋ ಗೊತ್ತಿಲ್ಲ. ಸರ್ ಮಾರ್ಕ್ಸ್ ಶೀಟ್ ತೆಗೆದು ನೋಡಿದರು, ಇನ್ನೂ ಕಳಿಸಿರಲಿಲ್ಲ. "ಇಬ್ಬರೂ ಮಧ್ಯಾಹ್ನ ಬನ್ನಿ" ಅಂದರು.

ಮಧ್ಯಾಹ್ನ ಸರ್ ಅವನನ್ನೇ ಮೊದಲು ಕೇಳಿದರು. "ಕನ್ನಡದಾಗ ಹೇಳ್ಲಾ ಸರ್?" ಅಂದ. "ಹೇಳಪ್ಪ" ಅಂದರು. ಅವನು ಲಗ್ನಪತ್ರಿಕೆಯಿಂದ ಶುರು ಮಾಡಿ ಡಿಸ್ಪೋಸ್ ಪಟ್ಟಿವರೆಗೆ ಹತ್ತು ನಿಮಿಷ ನಿಲ್ಲಿಸದೆ ಹೇಳಿದ. ನಾನು ಪಕ್ಕದಲ್ಲಿ ನಿಂತಿದ್ದೆ. ಎರಡು ಸೆಮ್ ಒಂದೇ ರೂಂನಲ್ಲಿ ಇದ್ದರೂ ಅವನು ಒಂದು ಟೆಕ್ನಿಕಲ್ ವಿಷಯವನ್ನ ಅಷ್ಟು ಹೊತ್ತು ಮಾತಾಡಿದ್ದನ್ನ ನಾನು ಕೇಳೇ ಇರಲಿಲ್ಲ.

ಆಮೇಲೆ ಸರ್ ನನ್ನ ಕಡೆ ತಿರುಗಿದರು. "ಲೂಪ್ ನಡೀತಿರುವಾಗ ಇನ್ನೊಬ್ಬ ಅದೇ ಸಮಯಕ್ಕೆ ನಿಮ್ಮ ಫೈಲ್ ಓದ್ತಿದ್ದರೆ?"

ಉತ್ತರ ಇರಲಿಲ್ಲ. ನಮ್ಮ ಕೋಡ್‌ನಲ್ಲಿ ಲಾಕೇ ಇರಲಿಲ್ಲ. ಒಬ್ಬ ಪತ್ರಿಕೆ ಹಂಚ್ತಿದಾನೆ, ಇನ್ನೊಬ್ಬ ಅದೇ ಓಣಿಯಲ್ಲಿ ಮನೆ ಖಾಲಿ ಮಾಡಿಸ್ತಿದಾನೆ, ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿಲ್ಲ. ಸರ್ ಒಂದು ವಾರ ಕೊಟ್ಟರು.

ಆ ವಾರ ಓದಿದ್ದನ್ನ ನನಗೆ ಅರ್ಥ ಆದಷ್ಟು ಹೇಳ್ತೀನಿ. ದಾರಿಗಳು ಹಲವು, ಒಂದೊಂದಕ್ಕೂ ಒಂದೊಂದು ಬೆಲೆ.

ಮೊದಲನೇದು ಲಾಕ್. ನಾನು ನಡೆದು ಮುಗಿಸುವವರೆಗೆ ಯಾರೂ ಪಟ್ಟಿ ಮುಟ್ಟಬಾರದು. ಸುಲಭ, ನಮ್ಮ ಪ್ರಾಜೆಕ್ಟ್‌ಗೆ ಸಾಕು. ಆದರೆ ಪಟ್ಟಿ ಉದ್ದ ಇದ್ದರೆ ಉಳಿದವರೆಲ್ಲ ಕಾಯಬೇಕು. ಅದೂ ಸ್ಪಿನ್‌ಲಾಕ್ ಆದರೆ ಅದನ್ನ ಹಿಡಿದಿರುವಾಗ ನಿದ್ದೆ ಹೋಗುವ ಯಾವ ಕೆಲಸವನ್ನೂ ಮಾಡುವ ಹಾಗಿಲ್ಲ. ಯೂಸರ್ ಮೆಮೊರಿಗೆ ಕಾಪಿ ಮಾಡೋದೂ ಅದರಲ್ಲಿ ಸೇರಿದೆ.

ಎರಡನೇದು ರೆಫರೆನ್ಸ್ ಕೌಂಟ್. ಆಬ್ಜೆಕ್ಟ್ ಮೇಲೆ 'ನಾನು ಬಳಸ್ತಿದೀನಿ' ಅಂತ ಲೆಕ್ಕ ಏರಿಸಿ, ಲಾಕ್ ಬಿಟ್ಟು, ನಿಧಾನಕ್ಕೆ ಕೆಲಸ ಮಾಡೋದು. ಇಲ್ಲಿ ನಾನು ಮತ್ತೆ ಎಡವಿದೆ. ಲೆಕ್ಕ ಏರಿಸಿದರೆ ಆಬ್ಜೆಕ್ಟ್ ಸಾಯಲ್ಲ, ನಿಜ. ಆದರೆ ಅದು ಪಟ್ಟಿಯಲ್ಲೇ ಇರುತ್ತೆ ಅಂತ ಯಾರೂ ಮಾತು ಕೊಟ್ಟಿಲ್ಲ. ಮನೆಯವರು ಬದುಕಿದಾರೆ, ಆದರೆ ಓಣಿ ಬಿಟ್ಟು ಹೋಗಿದಾರೆ. ಅವರನ್ನ ಮುಂದಿನ ಮನೆ ಕೇಳಿದರೆ ಮತ್ತೆ ಅದೇ ಪಾಯ್ಸನ್. ಜೀವ ಬೇರೆ, ಪಟ್ಟಿಯಲ್ಲಿರೋದು ಬೇರೆ. ಲಿನಕ್ಸ್‌ನ ಡಿವೈಸ್ ಪಟ್ಟಿಗಳಿಗೆ ಇದಕ್ಕಾಗಿಯೇ 2005ರಲ್ಲಿ ಪ್ಯಾಟ್ರಿಕ್ ಮೋಚೆಲ್ ಬರೆದ ಕೆಲಿಸ್ಟ್ ಅನ್ನೋದಿದೆ. ಅದರಲ್ಲಿ ಎಂಟ್ರಿಗೇ ಲೆಕ್ಕ. ಡಿವೈಸ್ ಕಿತ್ತರೆ ಎಂಟ್ರಿಗೆ 'ಸತ್ತಿದೆ' ಅಂತ ಗುರುತು ಬೀಳುತ್ತೆ, ಹೊಸದಾಗಿ ಬರುವವರು ಅದನ್ನ ದಾಟಿ ಹೋಗ್ತಾರೆ. ಅಲ್ಲೇ ನಿಂತಿದ್ದವನು ಮುಂದಕ್ಕೆ ಹೋದಮೇಲೆ ಮಾತ್ರ ಎಂಟ್ರಿ ನಿಜವಾಗಿ ಪಟ್ಟಿಯಿಂದ ಹೋಗುತ್ತೆ.

ಮೂರನೇದು ಆರ್‌ಸಿಯು. ಪಾಲ್ ಮೆಕೆನಿ ಹೆಸರು ಕೇಳಿರ್ತೀರ. 2002ರಲ್ಲಿ ಇದು ಲಿನಕ್ಸ್‌ಗೆ ಬಂತು. ರೂಂಮೇಟ್ ಇದಕ್ಕೂ ಲಗ್ನಪತ್ರಿಕೆಯನ್ನೇ ಹಚ್ಚಿದ. ಒಂದು ಮನೆಯವರು ಊರು ಬಿಡಬೇಕು. ಮೊದಲು ಹಿಂದಿನ ಮನೆಯವರಿಗೆ ಹೇಳ್ತಾರೆ, 'ಇನ್ನು ಮುಂದೆ ನಮ್ಮ ವಿಳಾಸ ಕೊಡಬೇಡಿ, ನಮ್ಮ ಆಚೆಯವರದ್ದು ಕೊಡಿ' ಅಂತ. ಆದರೆ ಈಗಾಗಲೇ ತಮ್ಮ ವಿಳಾಸ ಹಿಡಿದು ಹೊರಟವರು ಇರಬಹುದಲ್ಲ? ಅದಕ್ಕೆ ಮನೆ ಕೆಡವಲ್ಲ, ಮುಂದಿನ ಮನೆಯ ವಿಳಾಸವನ್ನ ಬಾಗಿಲಿಂದ ಅಳಿಸಲ್ಲ. ಆ ಹೊತ್ತಿಗೆ ಹೊರಟಿದ್ದವರೆಲ್ಲ ತಮ್ಮ ಸುತ್ತು ಮುಗಿಸಿ ವಾಪಸ್ ಹೋಗುವವರೆಗೆ ಕಾದು, ಆಮೇಲೆ ಕೆಡವ್ತಾರೆ. ಆ ಕಾಯುವ ಹೊತ್ತೇ ಗ್ರೇಸ್ ಪೀರಿಯಡ್. ಹೊಸದಾಗಿ ಹೊರಟವರಿಗೆ ಹೇಗೂ ಆ ವಿಳಾಸ ಸಿಗಲ್ಲ. ಓದುವವರಿಗೆ ಇಲ್ಲಿ ಹೆಚ್ಚುಕಮ್ಮಿ ಖರ್ಚೇ ಇಲ್ಲ. ಒಂದು ಷರತ್ತು, ಮಾಮೂಲಿ ಆರ್‌ಸಿಯುನಲ್ಲಿ ಸುತ್ತಿನ ಮಧ್ಯೆ ಮಲಗುವ ಹಾಗಿಲ್ಲ. ಸುತ್ತು ಮುಗಿದ ಮೇಲೂ ಆಬ್ಜೆಕ್ಟ್ ಬೇಕು ಅಂದರೆ ಲೆಕ್ಕ ಏರಿಸಬೇಕು. ಲೆಕ್ಕ ಆಗಲೇ ಸೊನ್ನೆಗೆ ಇಳಿಯುವ ಸಾಧ್ಯತೆ ಇದ್ದ ಕಡೆ, ಸೊನ್ನೆ ಆಗಿಲ್ಲ ಅಂತ ನೋಡಿಯೇ ಏರಿಸಬೇಕು. ಸೊನ್ನೆ ಆದದ್ದನ್ನ ಮತ್ತೆ ಬದುಕಿಸೋಕೆ ಆಗಲ್ಲ.

ನಾಲ್ಕನೇದು ನನಗೆ ತುಂಬ ಇಷ್ಟ ಆಗಿದ್ದು. ಪಿಎಸ್ ಕಮಾಂಡ್ ಎಲ್ಲರೂ ಹೊಡೀತೀರ. ಅದು ಪ್ರೊಕ್ ಫೋಲ್ಡರ್ ಓದುತ್ತೆ, ತುಂಡು ತುಂಡಾಗಿ. ಒಂದು ತುಂಡು ಓದಿ, ಯೂಸರ್ ಪ್ರೋಗ್ರಾಂಗೆ ವಾಪಸ್ ಬಂದು, ಮತ್ತೆ ಮುಂದಿನ ತುಂಡು ಕೇಳುತ್ತೆ. ಆ ಮಧ್ಯೆ ಕರ್ನೆಲ್ ಯಾವ ಲಾಕನ್ನೂ ಹಿಡಿದು ಕೂರೋಕೆ ಆಗಲ್ಲ. ಹಾಗಾದರೆ ಎಲ್ಲಿದ್ದೆ ಅಂತ ಹೇಗೆ ನೆನಪಿಟ್ಟುಕೊಳ್ಳುತ್ತೆ? ಪಾಯಿಂಟರ್ ಅಲ್ಲ, ಪಿಐಡಿ ನಂಬರ್ ನೆನಪಿಟ್ಟುಕೊಳ್ಳುತ್ತೆ. ಮುಂದಿನ ಸಲ ಬಂದಾಗ 'ಈ ನಂಬರ್ ಅಥವಾ ಇದಕ್ಕಿಂತ ದೊಡ್ಡದರಲ್ಲಿ ಮೊದಲನೇದು ಯಾವುದು' ಅಂತ ಹುಡುಕುತ್ತೆ. ಆ ಪ್ರೊಸೆಸ್ ಸತ್ತಿದ್ದರೂ ಪರವಾಗಿಲ್ಲ. ಪಾಯಿಂಟರ್ ಹಳಸುತ್ತೆ, ನಂಬರ್ ಹಳಸಲ್ಲ.

ನಮ್ಮ ಫೈಲ್ ಓದುವ ಭಾಗಕ್ಕೂ ಇದನ್ನೇ ಬಳಸಿದ್ವಿ. ಕರ್ನೆಲ್‌ನ ಸೀಕ್ವೆನ್ಸ್ ಫೈಲ್ ಸೌಲಭ್ಯ ತಗೊಂಡು, ಶುರುವಾಗುವಾಗ ಮ್ಯೂಟೆಕ್ಸ್ ಹಿಡಿದು, ಒಂದು ಬಫರ್ ತುಂಬಿದ ಮೇಲೆ ಬಿಟ್ಟು, ಮುಂದಿನ ಸಲ ಎಲ್ಲಿಂದ ಅನ್ನೋದನ್ನ ಅಲಾರಾಂನ ನಂಬರ್‌ನಿಂದ ಹುಡುಕೋದು. ಮೊದಲು 'ಎಷ್ಟನೇದು' ಅಂತ ಎಣಿಸಿ ಇಟ್ಟಿದ್ವಿ. 500 ಅಲಾರಾಂ ಹಾಕಿ ಓದುವಾಗ ಮಧ್ಯೆ ಮೊದಲಿನ ಕೆಲವು ಬಾರಿಸಿ ಹೋದವು, ಅಷ್ಟೇ ಸಂಖ್ಯೆಯ ಅಲಾರಾಂ ಔಟ್‌ಪುಟ್‌ನಲ್ಲಿ ಮಧ್ಯದಿಂದ ಬಿಟ್ಟುಹೋದವು. ಕ್ರ್ಯಾಶ್ ಇಲ್ಲ, ಆದರೆ ಉತ್ತರ ತಪ್ಪು. ಹಾಜರಿ ಕೂಗುವಾಗ ಮುಂದಿನ ಬೆಂಚಿನವರು ಎದ್ದುಹೋದರೆ ಎಲ್ಲರ ಜಾಗವೂ ಸರಿದ ಹಾಗೆ. ಯುಎಸ್‌ಎನ್ ನೋಡಿ ಕೂಗಿದರೆ ಆ ತೊಂದರೆ ಇಲ್ಲ.

ದೊಡ್ಡವರೂ ಇದರಲ್ಲಿ ಎಡವ್ತಾರೆ ಅನ್ನೋದು ಸ್ವಲ್ಪ ಸಮಾಧಾನ. ಲೂಪ್ ಮಧ್ಯೆ ನಿಲ್ಲದೆ ಪೂರ್ತಿ ಮುಗಿದ ಮೇಲೆ ಲೂಪ್ ವೇರಿಯಬಲ್ ಯಾವ ನಿಜವಾದ ಎಂಟ್ರಿಯನ್ನೂ ತೋರಿಸ್ತಿರಲ್ಲ. ಆದರೂ ಅದನ್ನ ಆಮೇಲೆ ಬಳಸಿರುವ ಕೋಡ್ ಲಿನಕ್ಸ್ ಒಳಗೇ ಇತ್ತು. 2022ರಲ್ಲಿ ಈ ಚರ್ಚೆಯಿಂದಲೇ ಲಿನಕ್ಸ್ ಹಳೇ ಸಿ89 ಬಿಟ್ಟು 5.18ರಿಂದ ಸಿ11ಗೆ ಬಂತು, ಲೂಪ್ ವೇರಿಯಬಲ್ ಅನ್ನ ಲೂಪ್ ಒಳಗೇ ಹುಟ್ಟಿಸೋಕೆ ಆಗಲಿ ಅಂತ.

ವಾರ ಆದಮೇಲೆ ತೋರಿಸಿದ್ವಿ. ಸರ್ ಎರಡು ಟರ್ಮಿನಲ್ ತೆಗೆದು, ಒಂದರಲ್ಲಿ ಅಲಾರಾಂ ಹುಟ್ಟಿಸ್ತಾ, ಇನ್ನೊಂದರಲ್ಲಿ ಓದ್ತಾ ಕಾಲು ಗಂಟೆ ಆಡಿಸಿದರು. ಬೀಳಲಿಲ್ಲ. ಅವನ ಮಾರ್ಕ್ಸ್ ಜಾಸ್ತಿ ಆಯ್ತು, ನನ್ನದು ಕಡಿಮೆ ಆಯ್ತು. ಎಷ್ಟು ಅಂತ ಬರೆಯಲ್ಲ. ಸರಿಯಾಗೇ ಇತ್ತು.

ನಾವಿಬ್ಬರೂ ಈಗಲೂ ಅದೇ ರೂಂ. ಈಗ ಒಂದು ನಿಯಮ ಮಾಡಿಕೊಂಡಿದೀವಿ, ಪಟ್ಟಿ ಮುಟ್ಟುವ ಸಾಲು ಬದಲಾಯಿಸಿದರೆ ಇನ್ನೊಬ್ಬನನ್ನ ಎಬ್ಬಿಸಬೇಕು, ರಾತ್ರಿ ಎರಡು ಗಂಟೆ ಆದರೂ. ಇನ್ನೊಂದು, 'ಸೇಫ್' ಅಂತ ಯಾರೇ ಹೇಳಲಿ, ಮ್ಯಾಕ್ರೊ ಹೇಳಲಿ, ನಾನು ಹೇಳಲಿ, ಅವನು ತಕ್ಷಣ ಕೇಳ್ತಾನೆ: "ಯಾರಿಂದಲೇ?"

ಆ ಲೂಪ್ ಮೇಲೆ ಒಂದು ಕಾಮೆಂಟ್ ಹಾಕಿದೀವಿ. ಅವನು ಹೇಳಿದ್ದು, ನಾನು ಟೈಪ್ ಮಾಡಿದ್ದು, ಕನ್ನಡದಲ್ಲೇ: 'ಇಲ್ಲಿ ಈಗಿನ ಎಂಟ್ರಿ ಬಿಟ್ಟು ಬೇರೆ ಯಾವುದನ್ನೂ ತೆಗೆಯಬೇಡಿ. ತೆಗೆಯಲೇಬೇಕಾದರೆ ಕೆಳಗಿನ ಎರಡನೇ ಲೂಪ್‌ನಲ್ಲಿ ತೆಗೆಯಿರಿ.' ಕಂಪೈಲರ್ ಏನೂ ತಕರಾರು ಮಾಡಲಿಲ್ಲ.